ಮೇಸನ್ ಎಂದು ಮೂರು ಸಲ

ಡಿಸ್ಕವರಿ ಗಾರ್ಡನ್ಸ್, ದುಬೈ
ಸೋಮವಾರ, 11 ನವೆಂಬರ್ 2024

ಪ್ರಿಯ ಜೆರ್ರಿ,

ನೀನು ಕಳಿಸಿದ ಮೂರು ವಾಯ್ಸ್ ಮೆಸೇಜಿಗೂ ನಾನು ಬರೇ ಕೈಮುಗಿಯುವ ಚಿತ್ರ ಒತ್ತಿ ಕಳಿಸಿದ್ದಕ್ಕೆ ಬೈಯಬೇಡ. ನಾಲ್ಕನೆಯದರಲ್ಲಿ "ಬದುಕಿದ್ದೀಯಾ, ಇಲ್ಲ ಎರಡು ಕೈ ಮಾತ್ರ ಉಳಿದದ್ದಾ ಮಾರಾಯ?" ಎಂದು ಕೇಳಿದ್ದೀಯಲ್ಲ, ಅದನ್ನು ಕೇಳಿ ಬಾಲ್ಕನಿಯಲ್ಲಿ ಒಬ್ಬನೇ ನಕ್ಕೆ. ಬದುಕಿದ್ದೇನೆ. ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ. ನಿನ್ನ ಬೆನ್ನು ಹೇಗಿದೆ? ಬೆಲ್ಟು ಕಟ್ಟಿಕೊಳ್ಳುತ್ತೀಯೋ, ಇಲ್ಲ ಫ್ಲೋರಿನ್ ಬೈದಾಗ ಮಾತ್ರವೋ?

ಫೋನಿನಲ್ಲಿ ಹೇಳಲಾಗದ ಒಂದು ಮಾತು ನನ್ನಲ್ಲಿದೆ. ಅದಕ್ಕಾಗಿಯೇ ಈ ಕಾಗದ. ಬರುವ ವಾರ ಬುಧವಾರ ನಮ್ಮ ಅಲಿಕುಂಞಿ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅಬುಧಾಬಿಯ ಲೇಬರ್ ಕ್ಯಾಂಪಿನಲ್ಲಿದ್ದಾಗ ಊರಿಗೆ ಹೊರಟವನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ನಮ್ಮೆಲ್ಲರ ಕಾಗದವೇ ಹೆಚ್ಚಿರುತ್ತಿತ್ತು, ನೆನಪುಂಟಲ್ಲ? ಈಗ ಅಲಿಕುಂಞಿಯನ್ನು ಕೇಳಿದರೆ, "ಕಾಗದವಾ? ನಿಮ್ಮ ಫೋನಿಗೆ ಎಂತ ಆಯ್ತು ಸರ್ವುಅಣ್ಣ?" ಎನ್ನುತ್ತಾನೆ.

ಮೊದಲು ನಮ್ಮಿಬ್ಬರ ಮೊಮ್ಮಗನ ಸುದ್ದಿ. ಇವತ್ತಿಗೆ ಇಪ್ಪತ್ತೆರಡು ದಿನ. ನೀನು ವಿಡಿಯೋದಲ್ಲಿ ನೋಡಿದ್ದೀಯ. ಆದರೆ ವಿಡಿಯೋದಲ್ಲಿ ಎಣ್ಣೆಯ ವಾಸನೆ ಬರುವುದಿಲ್ಲ, ಅವನು ಹೆಬ್ಬೆರಳು ಹಿಡಿದರೆ ಎಷ್ಟು ಗಟ್ಟಿ ಎಂದೂ ತಿಳಿಯುವುದಿಲ್ಲ. ಮೂಗು ನನ್ನ ಹರಿಣಾಕ್ಷಿಯದು. ಅಜ್ಜಿಯಾಗಿ ಅವಳಿದ್ದಿದ್ದರೆ ಮೂಗು ತೀಡಿ ತೀಡಿ ಇನ್ನೂ ನೇರ ಮಾಡುತ್ತಿದ್ದಳು. ಕಿವಿ ಮಾತ್ರ ಸಂಪೂರ್ಣ ನಿನ್ನದು. ಉಡುಪಿಯ ಕಾಲೇಜಿನಲ್ಲಿ ನಿನ್ನನ್ನು ಬಾಣಲೆ ಎಂದು ಕರೆಯುತ್ತಿದ್ದರಲ್ಲ, ಎರಡೂ ಕಡೆ ಹಿಡಿ ಇದೆಯೆಂದು! ಅದೇ ಕಿವಿ. ನಿನ್ನ ಮಗಳು ಪರ್ಲ್ ಪಾಪ ಟೊಪ್ಪಿ ಹಾಕಿ ಹಾಕಿ ಅದನ್ನು ತಲೆಗೆ ಒತ್ತುತ್ತಾಳೆ. ಟೊಪ್ಪಿ ತೆಗೆದ ಕೂಡಲೇ ಕಿವಿ ಮತ್ತೆ ಎದ್ದು ನಿಲ್ಲುತ್ತದೆ.

ಈಗ ಹೆಸರಿನ ಸುದ್ದಿ. ಹುಟ್ಟಿದ ಐದನೇ ದಿನ ನನ್ನ ಮಗ, ಅಂದರೆ ನಿನ್ನ ಅಳಿಯ ತಿಲಕ್, ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಯಿಂದ ಬಂದವನು ಶೂ ಕೂಡ ಬಿಚ್ಚದೆ, "ಅಪ್ಪ, ಹೆಸರು ಫೈನಲ್ ಆಯ್ತು" ಎಂದ. ನಾನು ಆಗ ಬೀನ್ಸ್ ಮುರಿಯುತ್ತಿದ್ದೆ. "ಎಂತ ಹೆಸರು?" ಎಂದೆ. "ಮೇಸನ್" ಎಂದ. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ "ಬೇಡ" ಎಂದು ಹೊರಟುಹೋಯಿತು. ಸಣ್ಣ ಬೇಡ ಅಲ್ಲ. ಪಕ್ಕದ ಫ್ಲ್ಯಾಟಿನ ಜಮೀಲ ಗಾಬರಿಯಾಗಿ ಗೋಡೆ ತಟ್ಟುವಷ್ಟು ದೊಡ್ಡದು. ಒಳಗೆ ಮಗು ಎದ್ದು ಅತ್ತಿತು.

"ಯಾಕೆ ಬೇಡ?" ಎಂದ ತಿಲಕ್. "ಇಟ್ಸ್ ಎ ನೈಸ್ ನೇಮ್ ಅಪ್ಪ. ನಮ್ಮ ಕಡೆಯವ್ರಿಗೂ ಜಗಳ ಇಲ್ಲ, ಪರ್ಲ್ ಕಡೆಯವ್ರಿಗೂ ಜಗಳ ಇಲ್ಲ. ದೇವರ ಹೆಸರು ಇಟ್ರೆ ಯಾವ ದೇವರದ್ದು ಅಂತ ಮತ್ತೆ ಶುರು."

ಅವನ ಮಾತು ಸರಿಯೇ. ನಾನು ಕಾರಣ ಹುಡುಕಿದೆ. "ಅದು ಹೆಸರಾ? ಅದು ಕೆಲಸ. ಮಗುವಿಗೆ ಯಾರಾದ್ರೂ ಕೆಲಸದ ಹೆಸರು ಇಡ್ತಾರಾ?" ಎಂದೆ. ಪರ್ಲ್ ಕೋಣೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನನ್ನ ಮುಖವನ್ನೇ ನೋಡಿದಳು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಇಲ್ಲಿನ ಕಟ್ಟಡಗಳ ನಡುವಿನ ದಾರಿಯಲ್ಲಿ ಸುತ್ತು ಹಾಕುತ್ತೇನೆ. ಎಲ್ಲ ಕಟ್ಟಡವೂ ಒಂದೇ ಥರ, ಬಣ್ಣ ಮಾತ್ರ ಬೇರೆ. ಎರಡು ಸಲ ದಾರಿ ತಪ್ಪಿ ಬೇರೆಯವರ ಮನೆಯ ಕಾಲಿಂಗ್ ಬೆಲ್ ಒತ್ತಿದ್ದೇನೆ. ವಾಚ್‌ಮನ್ "ಅಂಕಲ್, ಡಾಕ್ಟರ್ ನಡೀಲಿಕ್ಕೆ ಹೇಳಿದ್ದಾ, ಓಡ್ಲಿಕ್ಕೆ ಹೇಳಿದ್ದಾ?" ಎಂದು ಹಿಂದಿಯಲ್ಲಿ ತಮಾಷೆ ಮಾಡುತ್ತಾನೆ.

ಭಾನುವಾರ, ಹದಿನೇಳಕ್ಕೆ, ತೊಟ್ಟಿಲು. ಕಿವಿಯಲ್ಲಿ ಹೆಸರು ಹೇಳಬೇಕಾದವನು ನಾನು. ಸೋಮವಾರ ತಿಲಕ್ ಹೋಗಿ ಜನನ ಪತ್ರಕ್ಕೆ ಅದೇ ಹೆಸರು ಕೊಟ್ಟು ಬರುತ್ತಾನೆ. ಹೇಳಲು ನನ್ನಿಂದಾಗುತ್ತದೋ ಇಲ್ಲವೋ ಎಂಬುದೊಂದೇ ಈಗ ನನ್ನ ಯೋಚನೆ. ಯಾಕೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬರುತ್ತೇನೆ, ತಾಳ್ಮೆಯಿಂದ ಓದು.

ಬುಧವಾರ, 13

ಜೆರ್ರಿ, ಈ ಹೆಸರನ್ನು ಬೇಡ ಎನ್ನಲು ಏನಾದರೊಂದು ಆಧಾರ ಸಿಗಲೆಂದು ಎರಡು ದಿನದಿಂದ ತಿಲಕನ ಹಳೆಯ ಟ್ಯಾಬ್ ಹಿಡಿದು ಕೂತಿದ್ದೇನೆ. ನೀನು ಇಂಗ್ಲಿಷಿನಲ್ಲಿ ಫಸ್ಟ್ ಕ್ಲಾಸ್, ನಾನು ಮೂವತ್ತೇಳು ಮಾರ್ಕಿನವನು. ಅದೂ ನೀನು ಪರೀಕ್ಷೆಯ ಹಿಂದಿನ ವಾರ ಕುತ್ತಿಗೆ ಹಿಡಿದು ಪ್ರೆಸಿ ಎಂಬ ಸಾರಾಂಶ ಬರೆಸಿದ್ದಕ್ಕೆ. ತಪ್ಪಿದ್ದರೆ ತಿದ್ದಿಕೋ. ಕೆಂಪು ಶಾಯಿಯಲ್ಲಿ ತಿದ್ದು, ಟ್ಯೂಶನ್ ಮಕ್ಕಳಿಗೆ ತಿದ್ದುವ ಹಾಗೆ.

ಏಳೆಂಟು ನೂರು ವರ್ಷದ ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಜನರಿಗೆ ಒಂದೇ ಹೆಸರಂತೆ. ಎಲ್ಲಿ ನೋಡಿದರೂ ಜಾನ್, ಎಲ್ಲಿ ನೋಡಿದರೂ ವಿಲಿಯಂ. ಕಂದಾಯ ವಸೂಲಿಗೆ ಬಂದವನಿಗೆ ಯಾವ ಜಾನ್ ಎಂದು ತಿಳಿಯಬೇಡವೇ? ಹಾಗಾಗಿ ಜಾನ್ ಎಂಬ ಕಲ್ಲುಕಟ್ಟುವವ, ಜಾನ್ ಎಂಬ ಗಾಡಿ ಹೊಡೆಯುವವ ಎಂದು ಬರೆದುಕೊಂಡರಂತೆ. ಫ್ರಾನ್ಸಿನಿಂದ ಬಂದ ದೊರೆಗಳು ಕೋಟೆ, ಇಗರ್ಜಿ ಕಟ್ಟಿಸುವಾಗ ಕಲ್ಲುಕೆಲಸದವರಿಗೆ ತಮ್ಮ ಭಾಷೆಯ ಪದವನ್ನೇ ಬಳಸಿದರು. ಅದೇ ಮೇಸನ್ ಆಯಿತು. ಅಪ್ಪ ಕಲ್ಲು ಕಟ್ಟಿದ, ಮಗನೂ ಕಟ್ಟಿದ, ಮೊಮ್ಮಗ ದರ್ಜಿಯಾದ. ಆದರೂ ಮನೆತನದ ಹೆಸರು ಮೇಸನ್ ಎಂದೇ ಉಳಿಯಿತು. ಕೆಲಸ ಬಿಟ್ಟುಹೋದರೂ ಹೆಸರು ಬಿಡುವುದಿಲ್ಲ ಎಂದಾಯಿತು.

ಇನ್ನೊಂದು ವಿಷಯ ಓದಿ ನನಗೆ ಆಶ್ಚರ್ಯವಾಯಿತು. ಅಮೆರಿಕದಲ್ಲಿ ಹಿಂದೆ ತಾಯಿಯ ತವರಿನ ಮನೆತನದ ಹೆಸರು ಅವಳ ಮದುವೆಯ ಜೊತೆ ಅಳಿದುಹೋಗದಿರಲಿ ಎಂದು ಅದನ್ನೇ ಗಂಡು ಮಗುವಿಗೆ ಇಡುತ್ತಿದ್ದರಂತೆ. ಮನೆತನದ ಹೆಸರು ಮಗುವಿನ ಹೆಸರಾದದ್ದು ಹೆಚ್ಚಾಗಿ ಹಾಗೆ. ನಮ್ಮಲ್ಲಿ ಮಗುವಿಗೆ ಬಳಿ ಎಂಬ ಕುಲದ ಹೆಸರು ಬರುವುದು ತಾಯಿಯಿಂದಲೇ ಅಲ್ಲವಾ? ದೂರದ ಜನ, ಆದರೆ ಲೆಕ್ಕ ನಮ್ಮದೇ. ಈಗ ಅದೆಲ್ಲ ಹೋಗಿ ಬರೀ ಫ್ಯಾಶನ್. ಹನ್ನೆರಡು ಹದಿಮೂರು ವರ್ಷದ ಹಿಂದೆ ಅಮೆರಿಕದಲ್ಲಿ ಹುಟ್ಟಿದ ಗಂಡು ಮಕ್ಕಳಿಗೆ ಜನ ಅತಿ ಹೆಚ್ಚು ಇಟ್ಟ ಹೆಸರುಗಳಲ್ಲಿ ಇದು ಎರಡನೆಯದಾಗಿತ್ತಂತೆ. ಇಲ್ಲಿನ ಪಾರ್ಕಿನಲ್ಲೂ ನೋಡುತ್ತೇನೆ. ಕಾರ್ಟರ್ ಎಂಬ ಒಬ್ಬ ಇದ್ದಾನೆ, ಅಂದರೆ ಗಾಡಿಯವ. ಕೂಪರ್ ಒಬ್ಬ, ಪೀಪಾಯಿ ಕಟ್ಟುವವ. ಇಬ್ಬರೂ ಜಾರುಬಂಡಿಗೆ ಜಗಳವಾಡುತ್ತಾರೆ, ಇಬ್ಬರ ಅಮ್ಮಂದಿರೂ ಮಲಯಾಳದಲ್ಲಿ ಬೈಯುತ್ತಾರೆ.

ಕಟಪಾಡಿಯಿಂದ ಅಂಬುಜಕ್ಕ ವಿಡಿಯೋ ಕಾಲ್ ಮಾಡಿದ್ದಳು. ನನ್ನಕ್ಕನ ಬಾಯಿ ನಿನಗೆ ಗೊತ್ತೇ ಇದೆ. ತಿಲಕ್ ಅರ್ಥ ಬಿಡಿಸಿ ಹೇಳಿದ್ದೇ ತಡ, "ಮೇಸ್ತ್ರಿಯಾ? ಅಯ್ಯೋ, ಮೇಸ್ತ್ರಿಯ ಮಗಳು ಮೇಸ್ತ್ರಿಯ ಮಗಳು ಅಂತ ಕೇಳಿ ನನ್ನ ಅರ್ಧ ಆಯುಷ್ಯ ಹೋಯ್ತು, ಈಗ ಪುಳ್ಳಿ ಮಗುವಿಗೂ ಅದೇನಾ? ಅಪ್ಪನ ಗಾರೆ ಕರಣೆ ಅಟ್ಟದಲ್ಲಿ ಉಂಟು, ತೊಟ್ಟಿಲಿಗೆ ಕಟ್ಲಿಕ್ಕೆ ಕಳಿಸ್ಲಾ?" ಎಂದಳು. ಎಲ್ಲರೂ ನಕ್ಕರು. ಪರ್ಲ್ ಕೂಡ ನಕ್ಕು, "ಕಳಿಸಿ ಅತ್ತೆ, ನಿಜವಾಗ್ಲೂ ಕಳಿಸಿ" ಎಂದಳು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದುಹೋದೆ.

ನನ್ನಪ್ಪ ಕೆಂಪುಕಲ್ಲಿನ ಮೇಸ್ತ್ರಿ, ಕರಣೆ ಹಿಡಿದದ್ದು ನಾನು. ನಿನ್ನಪ್ಪ ಶಾಲೆಯ ಮಾಸ್ಟ್ರು, ಚಾಕ್ ಪೀಸ್ ಬಿಟ್ಟು ಬೇರೇನೂ ಹಿಡಿಯದ ಕೈ ನಿನ್ನದು. ರಜೆಯಲ್ಲಿ ನಾನು ಅಪ್ಪನ ಜೊತೆ ತೂಗುಗುಂಡು ಬಿಟ್ಟು ಗೋಡೆ ನೇರವೋ ಎಂದು ನೋಡುತ್ತಿದ್ದರೆ, ನೀನು ನೆರಳಲ್ಲಿ ಕೂತು ಪದ್ಯ ಬಾಯಿಪಾಠ ಮಾಡುತ್ತಿದ್ದೆ. ಎಂಬತ್ತೊಂದರಲ್ಲಿ ಬೊಂಬಾಯಿಯ ಏಜೆಂಟನ ಹತ್ತಿರ ಅಬುಧಾಬಿಯ ಒಂದೇ ಕಂಪೆನಿಯ ಎರಡು ವೀಸಾ ಇತ್ತು, ಒಂದು ಕ್ಲಾರ್ಕ್, ಒಂದು ಮೇಸನ್. ಯಾವುದು ಯಾರಿಗೆ ಎಂದು ನಮ್ಮಲ್ಲಿ ಚರ್ಚೆಯೇ ಇರಲಿಲ್ಲ. ನಿನಗೆ ಇಂಗ್ಲಿಷ್, ನನಗೆ ಕರಣೆ. ಆಮೇಲೆ ಏಜೆಂಟ್ ಅದಲುಬದಲು ಮಾಡಿ ಕಳಿಸಿದ ಎಂಬ ಕತೆಯನ್ನು ನಾವಿಬ್ಬರೂ ಎಷ್ಟು ಮದುವೆ ಮನೆಗಳಲ್ಲಿ ಹೇಳಿಲ್ಲ! ನೀನು ಹೇಳುವಾಗ ಜನ ಹೊಟ್ಟೆ ಹಿಡಿದು ನಗುತ್ತಾರೆ. ನಾನು ಹೇಳುವಾಗ ಸ್ವಲ್ಪ ಕಡಿಮೆ ನಗುತ್ತಾರೆ.

ನಿನ್ನೆ ಸಹಿಸಲಾಗದೆ ಇಬ್ನ್ ಬತೂತಾ ಬಸ್ ಸ್ಟ್ಯಾಂಡಿನಿಂದ ಬಸ್ಸು ಹತ್ತಿ ಅಬುಧಾಬಿಗೆ ಹೋದೆ. ಅಲಿಕುಂಞಿಯ ಅಂಗಡಿ ಈಗ ಖಲೀಫಾ ಸಿಟಿಯಲ್ಲಿ. ನನ್ನನ್ನು ನೋಡಿ ಸುಲೈಮಾನಿ ಚಹಾ ಮಾಡಿದ, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಕಾರಿನಲ್ಲಿ ಪೇಟೆಗೆ ಕರೆದುಕೊಂಡು ಹೋದ. ನೀನು ಮೊದಲ ವರ್ಷ ಕಟ್ಟಿದ ಆ ಏಳು ಮಾಳಿಗೆಯ ಕಟ್ಟಡ ನೋಡಬೇಕಿತ್ತು ನನಗೆ. ಐದನೇ ಮಾಳಿಗೆಯ ಒಂದು ಗೋಡೆ ವಾರೆಯಾಗಿ, ಫೋರ್‌ಮನ್ ಅದನ್ನು ಒದ್ದು ಬೀಳಿಸಿ, ನೀನು ಎರಡನೇ ಸಲ ಕಟ್ಟಿದ್ದೆಯಲ್ಲ, ಆ ಕಟ್ಟಡ. ಅದಿಲ್ಲ ಜೆರ್ರಿ. ಆ ಜಾಗದಲ್ಲಿ ಮರಳು ಹಾಕಿ ಕಾರು ನಿಲ್ಲಿಸುತ್ತಾರೆ. ಅಲಿಕುಂಞಿ, "ಖಲಾಸ್ ಸರ್ವುಅಣ್ಣ, ಅದು ಕೆಡವಿ ಎಷ್ಟೋ ವರ್ಷ ಆಯ್ತು. ಬಾಣಲೆಯಣ್ಣನ ಕೈಗುಣ, ಕೆಡವಲಿಕ್ಕೆ ಮೂರು ತಿಂಗಳು ಹಿಡಿಯಿತಂತೆ!" ಎಂದು ನಗಿಸಲು ನೋಡಿದ.

ನಾನು ಆ ಬಿಸಿಲಲ್ಲಿ ಕಾರುಗಳ ನಡುವೆ ನಿಂತು, ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಬರೆದ ಸಾಲನ್ನು ನೆನೆಸಿಕೊಂಡೆ. ಜೆರಾಲ್ಡ್, ಮೇಸನ್. ಎ.ಸಿ. ಇದ್ದ ಆ ತಗಡಿನ ಆಫೀಸಿನಲ್ಲಿ ಕೂತು ಬರೆಯುತ್ತಿದ್ದವನು ನಾನೇ ತಾನೆ? ಎಷ್ಟು ಸಾವಿರ ಸಲ ಬರೆದಿದ್ದೇನೋ. ಬರೆಯಲು ಬರುತ್ತದೆ. ಬಾಯಲ್ಲಿ ಹೇಳಲು ಬರುತ್ತಿಲ್ಲ.

ಶುಕ್ರವಾರ, 15

ಇವತ್ತು ಪರ್ಲ್ ನನ್ನನ್ನು ಹಿಡಿದಳು. ಮಧ್ಯಾಹ್ನ ತಿಲಕ್ ಸಾಮಾನು ತರಲು ಹೋಗಿದ್ದ. ನಾನು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದೆ. ಅವಳು ಎದುರು ಕುರ್ಚಿ ಎಳೆದು ಕೂತಳು.

"ಮಾಮ, ಒಂದು ಕೇಳ್ಲಾ? ಹೆಸರು ಕೇಳಿದ್ರೆ ನಿಮ್ಮ ಮುಖ ಯಾಕೆ ಹಾಗೆ ಆಗ್ತದೆ? ಮೇಸ್ತ್ರಿ ಕೆಲಸ ಅಂದ್ರೆ ನಾಚಿಕೆಯಾ ನಿಮಗೆ?"

"ಛೆ, ಹಾಗಲ್ಲ ಮಗಾ" ಎಂದೆ.

"ಮತ್ತೆ? ತಿಲಕ್ ಆ ಹೆಸರು ಆ್ಯಪಲ್ಲಿ ಸಿಕ್ಕಿತು ಅಂದುಕೊಂಡಿದ್ದಾನೆ. ಸಿಕ್ಕಿದ್ದಲ್ಲ. ಲಿಸ್ಟಲ್ಲಿ ಮೊದಲು ನಾನೇ ಬರೆದಿಟ್ಟದ್ದು, ಅವನು ಅದನ್ನೇ ಆರಿಸುವ ಹಾಗೆ ಮಾಡಿದ್ದು." ನಿನ್ನ ಮಗಳು ಜಾಣೆ, ಜೆರ್ರಿ. ನನ್ನ ಮಗ ಇನ್ನೂ ತಾನೇ ಆರಿಸಿದ್ದೆಂದು ತಿಳಿದಿದ್ದಾನೆ.

ಆಮೇಲೆ ಪರ್ಸು ತೆರೆದು ಒಂದು ಕಾರ್ಡು ತೆಗೆದಳು. ನಿನ್ನ ಹಳೆಯ ಲೇಬರ್ ಕಾರ್ಡು. ಪ್ಲಾಸ್ಟಿಕ್ ಹಳದಿಯಾಗಿದೆ. ಫೋಟೋದಲ್ಲಿ ನೀನು ಮೀಸೆ ಬಿಟ್ಟಿದ್ದೀಯ, ಕಿವಿ ಎರಡೂ ಚೌಕಟ್ಟಿನ ಆಚೆ ಹೋಗಿವೆ. ಕೆಳಗೆ ಅರಬಿಯಲ್ಲಿ ಒಂದು ಪದ, ಅದರ ಪಕ್ಕ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಅದೇ ಪದ.

"ನಾನು ಸಣ್ಣದಿರುವಾಗ ಪಪ್ಪ ಎರಡು ವರ್ಷಕ್ಕೊಮ್ಮೆ ಬರ್ತಿದ್ರು" ಎಂದಳು. "ಬಂದ ದಿನ ನಾನು ಅಮ್ಮನ ಹಿಂದೆ ಅಡಗಿಕೊಳ್ತಿದ್ದೆ. ಯಾರೋ ಗಂಡಸು ಮನೆಯೊಳಗೆ ಬಂದ ಅಂತ. ಅವ್ರು ಬ್ಯಾಗಿಂದ ಚಾಕೊಲೇಟ್ ತೆಗೆದು ನೆಲದಲ್ಲಿ ಇಟ್ಟು ದೂರ ಹೋಗಿ ಕೂತ್ಕೊಳ್ತಿದ್ರು, ಬೆಕ್ಕಿಗೆ ಹಾಲಿಟ್ಟ ಹಾಗೆ. ಅಭ್ಯಾಸ ಆಗುವಷ್ಟರಲ್ಲಿ ರಜೆ ಮುಗೀತಿತ್ತು. ಶಾಲೆಯಲ್ಲಿ ಅಪ್ಪನ ಹೆಸರು ಬರಿ ಅಂದಾಗ ಈ ಕಾರ್ಡು ನೋಡಿ ನಾನು ಮೇಸನ್ ಅಂತ ಬರೆದಿದ್ದೆ, ಗೊತ್ತುಂಟಾ? ಅದೇ ಪಪ್ಪನ ಹೆಸರು ಅಂದುಕೊಂಡಿದ್ದೆ. ನಿಮ್ಮ ತಿಲಕ್ ಅಪ್ಪನ ಜೊತೆ ಪಾರ್ಕಿಗೆ ಹೋಗ್ತಿದ್ದ. ನನಗೆ ಅಪ್ಪ ಅಂದ್ರೆ ಈ ಕಾರ್ಡೇ."

ನಾನು ಮಗುವನ್ನು ನೋಡುತ್ತಾ ಕೂತೆ. ತಲೆ ಎತ್ತಲು ಧೈರ್ಯವಾಗಲಿಲ್ಲ.

"ಜನ ಆ ಪದವನ್ನು ಪಪ್ಪನಿಗೆ ಬೈಗುಳದ ಹಾಗೆ ಹೇಳಿದ್ದು ಕೇಳಿದ್ದೇನೆ ಮಾಮ. ಇಗರ್ಜಿಯ ಅಂಗಳದಲ್ಲಿ, ಮಾಸ್ಟ್ರ ಮಗ ಗಾರೆ ಕಲಸ್ಲಿಕ್ಕೆ ಹೋದ ಅಂತ. ಈಗ ನನ್ನ ಮಗನನ್ನು ಎಲ್ಲರೂ ಅದೇ ಪದದಿಂದ ಮುದ್ದು ಮಾಡಿ ಕರೀಬೇಕು. ಪಪ್ಪನಿಗೆ ಇನ್ನೂ ಹೇಳ್ಲಿಲ್ಲ. ಭಾನುವಾರ ಹೇಳ್ತೇನೆ. ಪಪ್ಪನಿಗೆ ವಿಮಾನದಲ್ಲಿ ಕೂರ್ಲಿಕ್ಕೆ ಬೆನ್ನು ಬಿಡುವುದಿಲ್ಲ, ಅದಕ್ಕೇ ಕಿವಿಯಲ್ಲಿ ನೀವೇ ಹೇಳ್ಬೇಕು. ಪಪ್ಪ ನಿಮ್ಮನ್ನು ತನ್ನ ಗುರು ಅಂತ ಕರೆಯುವುದು, ಅಲ್ವಾ?"

ಅದು ಸತ್ಯವೇ. ಕ್ಯಾಂಪಿನ ಹಿಂದೆ, ಒಡೆದ ಬ್ಲಾಕುಗಳನ್ನು ಇಟ್ಟುಕೊಂಡು, ಡ್ಯೂಟಿ ಮುಗಿದ ಮೇಲೆ ಸಂಜೆ ನಾನು ನಿನಗೆ ಗೋಡೆ ಕಟ್ಟಲು ಕಲಿಸಿದೆ. ನಿನ್ನ ಕೈಯೆಲ್ಲ ಬೊಬ್ಬೆ ಎದ್ದಿತ್ತು. ತೆಂಗಿನೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಬರುತ್ತಿದ್ದೆ. "ಮಾರಾಯ, ಇದಕ್ಕಿಂತ ಪ್ರೆಸಿ ಸುಲಭ" ಎನ್ನುತ್ತಿದ್ದೆ. ಮೂರು ತಿಂಗಳಿಗೆ ಗೋಡೆ ನೇರವಾಯಿತು. ಆವತ್ತು ನೀನು ನನ್ನ ಕಾಲು ಮುಟ್ಟಲು ಬಗ್ಗಿದೆ, ತಮಾಷೆಗೆಂದು. ನಾನು ಹಿಂದೆ ಸರಿದದ್ದು ತಮಾಷೆಗಲ್ಲ.

ಪರ್ಲ್‌ಗೆ ನಾನು "ಆಯ್ತು ಮಗಾ, ಹೇಳ್ತೇನೆ" ಎಂದೆ. ಬೇರೇನು ಹೇಳಲಿ? ಅವಳು ಕಾರ್ಡನ್ನು ಮಗುವಿನ ಮುಖದ ಪಕ್ಕದಲ್ಲಿ ಹಿಡಿದು ಕಿವಿಗೆ ಕಿವಿ ಹೋಲಿಸಿ ನೋಡಿದಳು.

ಸೋಮವಾರ, 18

ತೊಟ್ಟಿಲು ಆಯಿತು. ನೀನು ಫೋನಿನಲ್ಲೇ ಎಲ್ಲ ನೋಡಿದ್ದೀಯ. ಆದರೂ ನನ್ನ ಕಡೆಯಿಂದ ಹೇಗೆ ಕಂಡಿತೆಂದು ಬರೆಯುತ್ತೇನೆ.

ಫ್ಲ್ಯಾಟಿನ ಹಾಲ್‌ನಲ್ಲಿ ಮೂವತ್ತು ಜನ. ತೊಟ್ಟಿಲೆಂದರೆ ತಿಲಕ್ ಬಿಡಿಬಿಡಿಯಾಗಿ ತಂದು ಸ್ಕ್ರೂ ಹಾಕಿ ಜೋಡಿಸಿದ್ದು, ಎರಡು ಸ್ಕ್ರೂ ಉಳಿದಿವೆ, ಎಲ್ಲಿಯದೆಂದು ಯಾರಿಗೂ ಗೊತ್ತಿಲ್ಲ. ಜಮೀಲ ಬೆಳಿಗ್ಗೆಯೇ ಬಂದು ಮಲ್ಲಿಗೆ ಕಟ್ಟಿಹೋಗಿದ್ದಳು. ಪರ್ಲ್‌ನ ಗೆಳತಿಯರು ಒಂದು ಕಡೆ ಕೊಂಕಣಿ ವೊವಿಯೊ ಹಾಡಿದರು, ಮತ್ತೊಂದು ಕಡೆ ನಮ್ಮ ಹೆಂಗಸರು ಜೋಗುಳ ಶುರು ಮಾಡಿದರು. ಎರಡೂ ಒಂದಕ್ಕೊಂದು ತಾಗಿ ಮಗು ಅಳುವುದನ್ನೇ ಮರೆತು ಕಣ್ಣು ಬಿಟ್ಟು ನೋಡಿತು. ನಿನ್ನನ್ನು ಫೋನಿನಲ್ಲಿ ಟಿ.ವಿ. ಮೇಲೆ ಹಾಕಿದ್ದರು, ನೀನು ಅಷ್ಟು ದೊಡ್ಡದಾಗಿ ಕಂಡೆ. ನೀನು ಬಿಳಿ ಶರಟು ಇಸ್ತ್ರಿ ಮಾಡಿಸಿ ಹಾಕಿದ್ದೆ.

ಪರ್ಲ್ ಕಾರ್ಡು ತೆಗೆದು ಕ್ಯಾಮರಾಕ್ಕೆ ತೋರಿಸಿ ಕಾರಣ ಹೇಳಿದಳು. ತಿಲಕ್ ಬಾಯಿ ತೆರೆದು ಹೆಂಡತಿಯನ್ನು ನೋಡಿದ. ನೀನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ, ಕೊಂಕಣಿಯಲ್ಲಿ ಏನೋ ಅಂದೆ. ನನಗೆ ಅರ್ಥವಾಗಲಿಲ್ಲ, ಅವಳಿಗಾಯಿತು. ಆಮೇಲೆ ನೀನು ಮುಖ ಈ ಕಡೆ ತಿರುಗಿಸಿ, "ಸರ್ವು, ನೀನು ಕಲಿಸಿದ ಕೆಲಸ ಮಾರಾಯ. ಹೆಸರಲ್ಲಿ ಅರ್ಧ ನಿನ್ನದು. ಹೇಳು ಅವನ ಕಿವಿಗೆ, ಗಟ್ಟಿಯಾಗಿ ಹೇಳು" ಎಂದೆ.

ನಾನು ವೀಳ್ಯದೆಲೆಯನ್ನು ಮಗುವಿನ ಕಿವಿಗೆ ಮರೆಮಾಡಿ ಬಗ್ಗಿದೆ. ಮೂರು ಸಲ ಹೇಳಬೇಕಲ್ಲ? ಹೇಳಿದೆ ಜೆರ್ರಿ. ಮೂರೂ ಸಲ ಹೇಳಿದೆ. ಮೊದಲನೆಯದಕ್ಕೆ ದನಿ ಬರಲಿಲ್ಲ, ಬರೀ ಉಸಿರು ಬಂತು. ಎರಡನೆಯದು ಕೇಳಿಸಿತು. ಮೂರನೆಯದಕ್ಕೆ ಮಗು ನನ್ನ ಮೂಗು ಹಿಡಿಯಿತು. ಆಮೇಲೂ ನಾನು ಏಳದೆ ಇದ್ದದ್ದನ್ನು ನೋಡಿ ತಿಲಕ್, "ಎಂತ ಅಪ್ಪ, ಹೆಸರು ಹೇಳ್ತಿದ್ದೀರಾ, ವೈಫೈ ಪಾಸ್‌ವರ್ಡಾ?" ಎಂದ. ಎಲ್ಲರೂ ನಕ್ಕರು, ನೀನೂ ನಕ್ಕೆ. ಚಪ್ಪಾಳೆ ಬಿತ್ತು. ಪಾಯಸ ಜಾಸ್ತಿಯಾಗಿ ಮಧ್ಯಾಹ್ನ ಅರ್ಧ ಜನ ಅಲ್ಲಲ್ಲೇ ತೂಕಡಿಸಿದರು.

ಇವತ್ತು ಬೆಳಿಗ್ಗೆ ತಿಲಕ್ ಹೋಗಿ ಜನನ ಪತ್ರಕ್ಕೆ ಹೆಸರು ಕೊಟ್ಟು ಬಂದ. ಕೆಲಸವೊಂದು ಮನುಷ್ಯನ ಹೆಸರಾಗಲು ಇಂಗ್ಲೆಂಡಿನಲ್ಲಿ ಎಷ್ಟು ತಲೆಮಾರು ಹಿಡಿಯಿತೋ. ನಮ್ಮಲ್ಲಿ ಎರಡೇ ತಲೆಮಾರಿನಲ್ಲಿ ಮುಗಿಯಿತು.

ಅಲಿಕುಂಞಿ ನಾಳೆ ಬಂದು ಕಾಗದ ತೆಗೆದುಕೊಳ್ಳುತ್ತಾನೆ. ಜೊತೆಗೆ ಖರ್ಜೂರ, ಫ್ಲೋರಿನ್‌ಗೆ ಮೊಣಕಾಲಿನ ಮುಲಾಮು, ಮಗುವಿನ ಕಾಲಿನ ಅಚ್ಚು ಒತ್ತಿದ ಒಂದು ಹಾಳೆ ಕಳಿಸಿದ್ದೇನೆ. ಹಾಳೆಯನ್ನು ಮಡಚಬೇಡ ಎಂದು ಪರ್ಲ್ ಹೇಳಿದ್ದಾಳೆ. ಬೆಲ್ಟು ಕಟ್ಟಿಕೋ. ಮೇಲೆ ದೇವರು ಯಾವನೇ ಇರಲಿ, ನಿನ್ನ ಬೆನ್ನಿಗೂ ಈ ಮಗುವಿನ ಬೆನ್ನಿಗೂ ಒಂದೇ ಸಲ ಕೈ ಸವರಲಿ. ಫ್ಲೋರಿನ್‌ಗೆ ನನ್ನ ನಮಸ್ಕಾರ.

ನಿನ್ನ
ಸರ್ವೋತ್ತಮ

ತಾ. ಕ.: ಸುತ್ತಿ ಸುತ್ತಿ ಕಾಗದ ಮುಗಿಯುತ್ತಾ ಬಂತು, ಹೇಳಬೇಕಾದದ್ದನ್ನು ಹೇಳಲಿಲ್ಲ. ಏಜೆಂಟ್ ಅದಲುಬದಲು ಮಾಡಲಿಲ್ಲ ಜೆರ್ರಿ. ಆವತ್ತು ಬುಧವಾರ. ನೀನು ನಮ್ಮಿಬ್ಬರಿಗೂ ಸೇರಿಸಿ ಮೇಣದಬತ್ತಿ ಹಚ್ಚಲು ಮಾಹಿಮ್‌ನ ಇಗರ್ಜಿಗೆ ಬುಧವಾರದ ನೊವೇನಾ ಪ್ರಾರ್ಥನೆಗೆ ಹೋಗಿದ್ದೆ. ಏಜೆಂಟ್ ಲಾಡ್ಜಿಗೆ ಬಂದು, "ನಿಮ್ಮಲ್ಲಿ ಕ್ಲಾರ್ಕ್ ಯಾರು?" ಎಂದು ಕೇಳಿದ. ನಾನು "ನಾನು" ಎಂದೆ. ಅಷ್ಟೇ. ಅಪ್ಪನ ಕೈ ನೋಡಿ ನೋಡಿ ನನಗೆ ಆ ಕೆಲಸದ ಭಯ ಹುಟ್ಟಿತ್ತು. ನೀನು ಬಂದಾಗ, ಏಜೆಂಟ್ ತಪ್ಪು ಬರೆದುಬಿಟ್ಟ, ಕಾಗದಪತ್ರ ಹೊರಟುಹೋಯಿತು ಎಂದು ಹೇಳಿದೆ. ನೀನು ನನ್ನ ಭುಜ ತಟ್ಟಿ, "ಹೋಗಲಿ ಬಿಡು, ಇಬ್ಬರಿಗೂ ಸಿಕ್ಕಿತಲ್ಲ" ಎಂದೆ. ಕ್ಲಾರ್ಕ್ ಎಂದು ಬರೆದ ಕಾರ್ಡಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಆಯಿತು. ನಿನ್ನ ಕಾರ್ಡಿಗೆ ಇಪ್ಪತ್ತೆರಡು ವರ್ಷ ಆಗಲಿಲ್ಲ. ತಿಲಕನನ್ನು ಪಾರ್ಕಿಗೆ ಕರೆದುಕೊಂಡು ಹೋದ ಸಂಜೆಗಳು ನಿನ್ನವು. ಹರಿಣಾಕ್ಷಿಗೆ ಗೊತ್ತಿತ್ತು. ಮಕ್ಕಳ ಮದುವೆ ನಿಂತುಹೋಗಬಾರದು, ಆಮೇಲೆ ಹೇಳಿ ಎಂದಳು. ಆಮೇಲೆ ಅವಳೇ ಹೋದಳು.

ನಿನ್ನೆ ತೊಟ್ಟಿಲಿನ ಮೇಲೆ ಬಗ್ಗಿ ಅಷ್ಟು ಹೊತ್ತು ಇದ್ದದ್ದು ಇದಕ್ಕೇ. ಮೂರು ಸಲ ಹೆಸರು ಹೇಳಿದ ಮೇಲೆ ಇದಿಷ್ಟನ್ನೂ ಆ ಕಿವಿಗೆ ಹೇಳಿದೆ. ಕಿವಿ ನಿನ್ನದೇ ಆದ್ದರಿಂದ ಅಲ್ಲಿ ಹೇಳಲು ಧೈರ್ಯ ಬಂತೋ ಏನೋ. ಪರ್ಲ್‌ಗೆ ಹೇಳಿಲ್ಲ. ಹೇಳು ಎಂದರೆ ಅವತ್ತೇ ಹೇಳುತ್ತೇನೆ. ಕಾಗದ ಗುರುವಾರ ನಿನ್ನ ಕೈ ಸೇರುತ್ತದೆ. ಕೈಮುಗಿಯುವ ಚಿತ್ರ ಮಾತ್ರ ಕಳಿಸಬೇಡ ಮಾರಾಯ. ಬೈಯುವುದಾದರೂ ನಿನ್ನ ದನಿಯಲ್ಲೇ ಬೈ.